ಮಳೆ ತಡೆಯದ ಮಾಡು

ಕುಂದಾಪುರದ ಹಳೇ ಕೇರಿಯೊಂದರಲ್ಲಿರುವ ಆ ಐದು ಮಹಡಿಯ ಅಪಾರ್ಟ್‌ಮೆಂಟಿನ ಎಲಿವೇಶನ್ ಬಿಡಿಸಿದವನು ನಾನು. ಮೊದಲು ಅಲ್ಲಿದ್ದದ್ದು ಮುರಕಲ್ಲಿನ ಗೋಡೆಯ, ಹಂಚಿನ ಮಾಡಿನ ಮನೆ. ಮಕ್ಕಳು ಬೆಂಗಳೂರು, ದುಬೈ ಸೇರಿದರು, ಪಾಲಾಯಿತು, ಜಾಗ ಬಿಲ್ಡರ್ ಕೈಗೆ ಹೋಯಿತು. ಹೆದ್ದಾರಿ ಅಗಲವಾದ ಮೇಲೆ ಬ್ರಹ್ಮಾವರದಿಂದ ಬೈಂದೂರಿನವರೆಗೂ ಇದೇ ಕತೆ.

ಕಾಲೇಜಿನಲ್ಲಿ ನನ್ನ ತಲೆ ತುಂಬ ಇದ್ದವರು ಅಮೆರಿಕದ ವಾಸ್ತುಶಿಲ್ಪಿ ರಾಬರ್ಟ್ ವೆಂಚುರಿ. ಬೋಳು ಕಾಂಕ್ರೀಟ್ ಪೆಟ್ಟಿಗೆಗಳ ಕಾಲದಲ್ಲಿ, 1966ರ ತಮ್ಮ ಪುಸ್ತಕದಲ್ಲಿ ಅಲಂಕಾರಕ್ಕೂ ಇತಿಹಾಸಕ್ಕೂ ವಾದಿಸಿದವರು. ಫಿಲಡೆಲ್ಫಿಯಾದಲ್ಲಿ ತಾಯಿಗೆಂದು ಕಟ್ಟಿದ ಮನೆಯ ಮುಂಭಾಗಕ್ಕೆ ನಡುವೆ ಸೀಳಿದ ತ್ರಿಕೋನ ಕೊಟ್ಟವರು. ಅದೇ ಗುಂಗಿನಲ್ಲಿ, ಈ ಅಪಾರ್ಟ್‌ಮೆಂಟಿಗಾಗಿ ನಾನು ಮಣಿಪಾಲಕ್ಕೆ ಹೋಗಿ, ವಿಜಯನಾಥ ಶೆಣೈಯವರು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ‘ಹರ್ಕೂರು ಒಳಗಿನ ಮನೆ’ ಎಂಬ ಹಳೇ ಮನೆಯನ್ನು ನೋಡಿ ಬಂದೆ. ಪ್ಯಾರಪೆಟ್ ಮೇಲೆ ಎರಡು ತ್ರಿಕೋನ ಗೋಡೆ ಎಬ್ಬಿಸಿ ಮಂಗಳೂರು ಹಂಚು ಅಂಟಿಸಿದೆ. ಚಾವಡಿಯ ಕಂಬಗಳನ್ನು ಸಿಮೆಂಟಿನಲ್ಲಿ ಎರಕ ಹೊಯ್ಸಿದೆ. ಸನ್‌ಶೇಡ್ ಹೊರಗೆ ಚಾಚಿದರೆ ಮುಖ ಕೆಡುತ್ತದೆಂದು ಒಂದೇ ಅಡಿಗೆ ಇಳಿಸಿದೆ. ಖರ್ಚು ಉಳಿಯಿತೆಂದು ಬಿಲ್ಡರಿಗೂ ಖುಷಿ.

ನಮ್ಮ ಹಳೇ ಮನೆಗಳ ಸೂರು ತಲೆ ತಗ್ಗಿಸಿ ಒಳಹೋಗುವಷ್ಟು ಇಳಿದಿರುವುದು ಚಂದಕ್ಕಲ್ಲ. ಗೋಡೆಗೆ ಇರಚಲು ಹೊಡೆಯಬಾರದೆಂದು. ಅಷ್ಟೂ ಸಾಲದೆ ಮಳೆಗಾಲಕ್ಕೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿದು. ಫಿಲಡೆಲ್ಫಿಯಾದಲ್ಲಿ ಅದರ ಮೂರರಲ್ಲೊಂದು ಪಾಲೂ ಇಲ್ಲ. ಇಲ್ಲೇ ಹುಟ್ಟಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ನಾನು ಮಾಡಿನ ಆಕಾರ ತಂದೆ, ಅದರ ಕೆಲಸ ಬಿಟ್ಟೆ.

ಮೊದಲ ಆಷಾಢದಲ್ಲೇ ಪಡುಗಾಳಿಗೆ ಮಳೆ ಅಡ್ಡಡ್ಡ ಬಡಿಯಿತು. ಮೂರನೇ ಮಹಡಿಯ ಮಲಗುವ ಕೋಣೆಗೆ ಹೋಗಿ ನೋಡಿದೆ. ಕಿಟಕಿಯ ಕೆಳಮೂಲೆಯಲ್ಲಿ ಪೈಂಟು ಗುಳ್ಳೆಯೆದ್ದು, ಒತ್ತಿದರೆ ನೀರು ಜಿನುಗುತ್ತಿತ್ತು. ಹಾಸಿಗೆಯನ್ನು ಗೋಡೆಯಿಂದ ದೂರ ಎತ್ತಿ ನಿಲ್ಲಿಸಿದ್ದರು. "ಮಾಡ್ ಚಂದ ಇತ್ತ್ ಮಗಾ, ಆರೆ ನೀರ್ ಪೂರಾ ಒಳ್ಗೇ ಬತ್ತ್ ಅಲ್ದಾ?" ಎಂದರು ಆ ಮನೆಯ ಅಮ್ಮ. ಬೈಗುಳವಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಅರ್ಧಕ್ಕರ್ಧ ಫ್ಲ್ಯಾಟುಗಳ ಮಾಲೀಕರು ಊರಿಗೆ ಬರುವುದು ಹಬ್ಬಕ್ಕೆ, ರಜೆಗೆ. ವರ್ಷವಿಡೀ ಅಲ್ಲಿರುವವರು ಇಂಥ ವಯಸ್ಸಾದವರು ಮತ್ತು ಬಾಡಿಗೆಯವರು. ನಕ್ಷೆ ಬಿಡಿಸುವಾಗ ಅವರಲ್ಲಿ ಒಬ್ಬರನ್ನೂ ನಾನು ಕೇಳಿರಲಿಲ್ಲ.

ಮುಂದಿನ ಮಳೆಗಾಲಕ್ಕೆ ನಿವಾಸಿಗಳೇ ಹಣ ಹಾಕಿ ಕಿಟಕಿಗಳ ಮೇಲೆ ನೀಲಿ ತಗಡು ಹಾಕಿಸಿಕೊಂಡರು. ನೀರು ನಿಂತಿತು. ಈಗ ಬೈಂದೂರಿನ ಒಂದು ಕಟ್ಟಡಕ್ಕೆ ಮೂರಡಿ ಸನ್‌ಶೇಡ್ ತೋರಿಸಿ ನಕ್ಷೆ ಕೊಟ್ಟಿದ್ದೇನೆ. ಎಲಿವೇಶನ್ ಎದ್ದು ಕಾಣುವುದಿಲ್ಲವೆಂದು ಬಿಲ್ಡರ್ ಇನ್ನೂ ಒಪ್ಪಿಲ್ಲ. ಕಡಿಮೆ ಮಾಡುವುದಿಲ್ಲವೆಂದು ನಾನೂ ಹೇಳಿಬಿಟ್ಟಿದ್ದೇನೆ.