ಹಿಂದಿರುಗದ ಕಾಯಿ

ಘಾಟಿ ಸುಬ್ರಹ್ಮಣ್ಯನ ದರ್ಶನ ಮುಗಿಸಿ ಮಾಕಳಿದುರ್ಗದ ನಿಲ್ದಾಣಕ್ಕೆ ಬಂದ ರಾಯರಿಗೆ ಬೆಂಗಳೂರಿನ ರೈಲು ತಡವೆಂದು ತಿಳಿಯಿತು. ಎದುರಿಗೆ ಬಂಡೆಗಲ್ಲಿನ ಬೆಟ್ಟ, ಅದರ ನೆತ್ತಿಯಲ್ಲಿ ಕುಸಿದ ಕೋಟೆ. ಮೊಮ್ಮಗನ ಕಣ್ಣು ಮಾತ್ರ ತೊಡೆಯ ಮೇಲಿನ ಐಪ್ಯಾಡಿನಲ್ಲಿತ್ತು.

"ಅದರಲ್ಲೇನಿದೆಯೋ ಅಷ್ಟು?" ಎಂದು ರಾಯರು ಬೇಸರದಿಂದಲೇ ಬಗ್ಗಿ ನೋಡಿದರು.

ಮನೆಯ ನಕ್ಷೆಯಂತೆ ಬಿಡಿಸಿದ ಒಂದು ಆಕಾಶನೌಕೆ. ಕೋಣೆಗಳು, ಬಾಗಿಲುಗಳು, ಮೂವರು ನಾವಿಕರು. ಆಟದ ಹೆಸರು 'ಫಾಸ್ಟರ್ ದ್ಯಾನ್ ಲೈಟ್'. ಜಸ್ಟಿನ್ ಮಾ, ಮ್ಯಾಥ್ಯೂ ಡೇವಿಸ್ ಎಂಬಿಬ್ಬರು ಜನರಿಂದ 10,000 ಡಾಲರ್ ಬೇಡಿ, 2 ಲಕ್ಷಕ್ಕೂ ಮಿಗಿಲಾಗಿ ಪಡೆದು, 2012ರಲ್ಲಿ ಹೊರತಂದದ್ದು. ಗುಟ್ಟಿನ ಸುದ್ದಿಯೊಂದನ್ನು ಎಂಟು ವಲಯಗಳಾಚೆ ಸ್ವಪಕ್ಷಕ್ಕೆ ಮುಟ್ಟಿಸಬೇಕು. ಬೆನ್ನ ಹಿಂದೆ ಬಂಡುಕೋರರ ದಂಡು. ನೌಕೆಯ ವಿದ್ಯುತ್ತೋ, ಎಲ್ಲಕ್ಕೂ ಸಾಲದು. ರಕ್ಷಾಕವಚಕ್ಕೆ ಕೊಟ್ಟರೆ ಆಯುಧಕ್ಕಿಲ್ಲ, ಆಯುಧಕ್ಕೆ ಕೊಟ್ಟರೆ ಎಂಜಿನ್ನಿಗಿಲ್ಲ. ತಿಂಗಳ ಕೊನೆಯ ವಾರದಲ್ಲಿ ಸಂಸಾರ ತೂಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಪ್ರಾಣವಾಯುವಿನ ಯಂತ್ರದ ಕೋಣೆಗೆ ಬೆಂಕಿ ಬಿತ್ತು. ಹುಡುಗ ಆಟವನ್ನು ತಡೆದು ನಿಲ್ಲಿಸಿದ. ಹೀಗೆ ನಿಲ್ಲಿಸಿ ಯೋಚಿಸಗೊಡುವುದೇ ಈ ಆಟದ ದೊಡ್ಡತನ. ಹೊರಬಾಗಿಲು ತೆರೆದರೆ ಗಾಳಿ ಹೊರಗೋಡಿ ಬೆಂಕಿ ಆರುತ್ತದೆ. ಆದರೆ ಒಳಗೊಬ್ಬ ನಾವಿಕನಿದ್ದಾನೆ. ಅವನು ಹೊರಬರಬೇಕಾದ ಪಕ್ಕದ ಕೋಣೆಯೂ ಉರಿಯುತ್ತಿದೆ.

"ಅವನಿಗೆ ನಿಮ್ಮ ಹೆಸರಿಟ್ಟಿದ್ದೇನೆ, ತಾತ."

"ಸತ್ತರೆ?"

"ಸತ್ತಹಾಗೆಯೇ. ನೌಕೆ ಒಡೆದರಂತೂ ಎಲ್ಲ ಮೊದಲಿನಿಂದ."

1980ರ 'ರೋಗ್' ಎಂಬ ಆಟದಿಂದ ಬೆಳೆದ ವಂಶದ ಕಟ್ಟಳೆಯಿದು. ರಾಯರು ಚೌಕಾಬಾರದ ಕಾಲದವರು. ಅಲ್ಲಿ ಪೆಟ್ಟು ತಿಂದ ಕಾಯಿ ಮನೆಗೆ ಮರಳಿ ಮತ್ತೆ ಹೊರಡುತ್ತದೆ. ಇದು ಅವರಿಗೆ ಕ್ರೂರವೆನಿಸಿತು.

2014ರಲ್ಲಿ ಬಂದ ವಿಸ್ತೃತ ಆವೃತ್ತಿಯಲ್ಲಿ, ಹಳೆಯದನ್ನು ಕೊಂಡವರಿಗೆ ಅದು ಉಚಿತ, ಸತ್ತವನನ್ನು ಮರಳಿ ರೂಪಿಸುವ ಕೋಣೆಯೊಂದುಂಟು. ಎದ್ದುಬಂದವನು ಕಲಿತದ್ದರಲ್ಲಿ ಕೊಂಚ ಮರೆತಿರುತ್ತಾನೆ. ಮೇಲಾಗಿ ಆ ಕೋಣೆಯಿದ್ದರೆ ಚಿಕಿತ್ಸಾಲಯವಿಲ್ಲ. ಇದ್ದೆಡೆಯ ಗಾಳಿಯನ್ನೆಲ್ಲ ಹೀರುವ ಲಾನಿಯಸ್ ಎಂಬ ಲೋಹಜೀವಿಗಳೂ ಸೇರಿದ್ದಾರೆ. ಮೊದಲಿನ ಸರಳತೆ ತುಸು ಕದಡಿದೆ, ನಿಜ. ಆದರೆ ಕಷ್ಟದ ಆಯ್ಕೆಗಳನ್ನು ಹೊಸ ಆವೃತ್ತಿ ಕಳೆಯಲಿಲ್ಲ, ಹೆಚ್ಚಿಸಿತು.

ಹುಡುಗನ ನೌಕೆಯಲ್ಲಿದ್ದದ್ದು ಚಿಕಿತ್ಸಾಲಯ.

"ಎಷ್ಟು ಹೊತ್ತು ಯೋಚಿಸುತ್ತೀಯೋ? ಬಾಗಿಲು ತೆಗೆ," ಎಂದರು ರಾಯರು.

ಹುಡುಗ ತೆಗೆಯಲಿಲ್ಲ. ಉಳಿದಿಬ್ಬರನ್ನೂ ಬೆಂಕಿ ಆರಿಸಲು ಕಳುಹಿಸಿದ. ಚುಕ್ಕಾಣಿ ಹಿಡಿಯುವವರಿಲ್ಲದ ನೌಕೆಗೆ ಶತ್ರುವಿನ ಒಂದೊಂದು ಹೊಡೆತವೂ ತಪ್ಪದೆ ತಗುಲಿತು. ಮೂರನೆಯ ವಲಯದಲ್ಲಿಯೇ ಅದು ಒಡೆದು ಚೂರಾಯಿತು.

ದೂರದಲ್ಲಿ ರೈಲು ಕೂಗಿತು. ರಾಯರು ಚೀಲವನ್ನೆತ್ತಿಕೊಳ್ಳುತ್ತ ಕೇಳಿದರು:

"ಮತ್ತೆ ಹೂಡುತ್ತೀಯಾ? ಈ ಸಲ ನನ್ನನ್ನು ಚುಕ್ಕಾಣಿಗೆ ಕೂರಿಸು."