ಹಿನ್ನೀರಿನಡಿಯ ಅಡಿಗೆಮನೆ

ಸಾಗರದಿಂದ ಸಿಗಂದೂರಿಗೆ ಹೊರಟವರಿಗೆ ಅಂಬಾರಗೋಡ್ಲಿನ ಬಳಿ ಶರಾವತಿಯ ಹಿನ್ನೀರು ಎದುರಾಗುತ್ತದೆ. ಬಹುಕಾಲ ಇಲ್ಲಿ ಲಾಂಚಿಗಾಗಿ ಕಾದು ಕುಳಿತಿರಬೇಕಾಗಿತ್ತು. 2025ರ ಜುಲೈಯಲ್ಲಿ ಸೇತುವೆ ತೆರೆದ ಮೇಲೆ ಕೆಲವೇ ನಿಮಿಷಗಳಲ್ಲಿ ಆಚೆ ದಡ ಸೇರಬಹುದು. ಈಚೆಗೆ ಅಲ್ಲಿಗೆ ಹೋಗಿದ್ದಾಗ ಮೊಮ್ಮಕ್ಕಳು ಆ ಜಲರಾಶಿಯನ್ನು ನೋಡಿ ಹಿಗ್ಗಿದರು. ನನ್ನ ಕಣ್ಣು ಮಾತ್ರ ನೀರಿನಡಿಯ ಒಂದು ಅಡಿಗೆಮನೆಯನ್ನು ಅರಸುತ್ತಿತ್ತು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣವಾಯಿತು. ಅದಕ್ಕೆ ಮುಂಚೆ ಇಲ್ಲಿಯೇ, ಹೊಳೆಯಂಚಿನ ಅಡಿಕೆ ತೋಟದ ಮೇಲೆ, ನಮ್ಮ ಅಜ್ಜಿಯ ಮನೆಯಿತ್ತು. ಬೇಸಗೆಯ ರಜೆ ಬಂತೆಂದರೆ ನಮ್ಮ ವಾಸ ಅಲ್ಲಿಯೇ. ಅಜ್ಜಿ ತೋಟದ ತೇವದಲ್ಲಿ ಹಬ್ಬಿದ್ದ ಒಂದೆಲಗವನ್ನು ಬಿಡಿಸಿ ತಂದು, ತುಪ್ಪದಲ್ಲಿ ಹುರಿದ ಜೀರಿಗೆ, ಮೆಣಸಿನ ಕಾಳು, ತೆಂಗಿನತುರಿಗಳೊಡನೆ ಒರಳಿನಲ್ಲಿ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಿದ್ದಳು. "ಬಾರಾ ತಮಾ, ಉಂಬಲೆ ಬಾ" ಎಂಬ ಆಕೆಯ ಕರೆ ತೋಟದ ಕೆಳಗಿನವರೆಗೂ ಕೇಳಿಸುತ್ತಿತ್ತು. ಜ್ವರ ಬಂದರೆ ರಾತ್ರಿಯಿಡೀ ತಲೆಯ ಬಳಿ ಕುಳಿತಿದ್ದು, ಬೆಳಗ್ಗೆ ಗಂಜಿಯೊಡನೆ ಒಂದೇ ಒಂದು ಅಪ್ಪೆಮಿಡಿಯನ್ನು ಕೊಡುವಳು. ಕೆಟ್ಟ ಬಾಯಿಗೆ ಅದರಿಂದಲೇ ರುಚಿ ಮರಳುತ್ತಿತ್ತು.

ಆ ಮಿಡಿಯ ಮರ ಹೊಳೆಯ ದಂಡೆಯಲ್ಲಿತ್ತು. ಮಿಡಿಯನ್ನು ತೊಟ್ಟುಸಹಿತ ಕೊಯ್ಯಬೇಕು. ನೆಲಕ್ಕೆ ಬಿದ್ದು ಪೆಟ್ಟಾದುದು ಭರಣಿಗೆ ಸಲ್ಲದು. ಹರಳುಪ್ಪಿನಲ್ಲಿ ಹಾಕಿಟ್ಟರೆ ಮಿಡಿ ನೀರು ಬಿಟ್ಟು ಸುಕ್ಕುಗಟ್ಟುತ್ತದೆ. ಆ ಉಪ್ಪುನೀರಿನಲ್ಲಿಯೇ ಸಾಸಿವೆ, ಮೆಣಸಿನಕಾಯಿಗಳನ್ನು ಅರೆದು ಬೆರೆಸಬೇಕು. ಹೀಗೆ ಹಾಕಿದ ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದು.

ಊರು ಬಿಡುವ ದಿನ ಗಂಡಸರು ಬಾಗಿಲು, ತೊಲೆಗಳನ್ನು ಕಳಚಿ ಗಾಡಿಗೆ ಹೇರಿದರು. ಅಜ್ಜಿ ಮರದ ಬಳಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದಳು. ಆಮೇಲೆ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ಅದನ್ನು ಮಡಿಲಲ್ಲಿಟ್ಟುಕೊಂಡು ಗಾಡಿಯೇರಿದಳು. ದಾರಿಯುದ್ದಕ್ಕೂ ಅದನ್ನು ಯಾರ ಕೈಗೂ ಕೊಡಲಿಲ್ಲ.

ಹೊಸ ಊರಿನಲ್ಲಿ ಮನೆ ಎದ್ದಿತು. ಆದರೆ ಹೊಳೆಯಿರಲಿಲ್ಲ, ಆ ಮರವಿರಲಿಲ್ಲ. ಮರುವರ್ಷ ಹೊಸ ಮಿಡಿ ಹಾಕೋಣವೆಂದು ಸೋದರಮಾವ ಪೇಟೆಯಿಂದ ತಂದುಕೊಟ್ಟ. ಅಜ್ಜಿ ಮೂಸಿ ನೋಡಿ, ಮಾತಾಡದೆ ಬುಟ್ಟಿಯನ್ನು ಬದಿಗಿಟ್ಟಳು. ಹಳೆಯ ಭರಣಿಯಿಂದ ಪ್ರತಿ ರಜೆಯಲ್ಲೂ ನಮ್ಮ ಎಲೆಗೆ ತಲಾ ಒಂದು ಮಿಡಿ ಬೀಳುತ್ತಿತ್ತು. ನಾಲ್ಕನೆಯ ವರ್ಷ ತಳದಲ್ಲಿ ಉಳಿದಿದ್ದ ರಸವನ್ನು ಅನ್ನಕ್ಕೆ ಕಲಸಿ ನಮಗೆಲ್ಲ ಕೈತುತ್ತು ಹಾಕಿದಳು. ಅದೇ ಕೊನೆ.

ಸೇತುವೆಯ ಈಚೆಯ ದಡದಲ್ಲಿ ನಿಂತಾಗ ಇದೆಲ್ಲವೂ ನೆನಪಾಯಿತು. ಮನೆ ಎಲ್ಲಿತ್ತೆಂದು ಮೊಮ್ಮಗಳು ಕೇಳಿದಾಗ ಸುಮ್ಮನೆ ನೀರಿನತ್ತ ಕೈ ತೋರಿದೆ. "ನಿಮ್ಮಜ್ಜಿಗೂ ಆ ಉಪ್ಪಿನಕಾಯಿ ಇಷ್ಟವಿತ್ತೇ ತಾತಾ?" ಎಂದಳು ಮಗು.

ಉತ್ತರ ಹೇಳಲಾಗಲಿಲ್ಲ. ಆ ನಾಲ್ಕು ವರ್ಷಗಳಲ್ಲಿ ನನ್ನ ಎಲೆಗೆ ಬಿದ್ದ ಮಿಡಿಗಳೆಲ್ಲ ನೆನಪಿವೆ. ಅಜ್ಜಿಯ ಎಲೆಯಲ್ಲಿ ಏನಿತ್ತೆಂದು ನಾನು ಒಮ್ಮೆಯೂ ನೋಡಿರಲಿಲ್ಲ.