ಜಗಲಿಯ ಜಪಸರ

ನಾವು ಕ್ರೈಸ್ತರು ಅಂತ ಗೊತ್ತಾದ ಕೂಡಲೇ ಬೆಂಗಳೂರಿನ ಜನ ಎರಡು ಮಾತು ಕೇಳುತ್ತಾರೆ. "ಹೌದಾ? ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಲ್ಲ!" ಅನ್ನೋದು ಮೊದಲನೆಯದು. "ಮಂಗಳೂರಿನವರಾ?" ಅನ್ನೋದು ಎರಡನೆಯದು. ಇಪ್ಪತ್ತೈದು ವರ್ಷದಿಂದ ಕೇಳಿ ಕೇಳಿ ನನಗೆ ಅಭ್ಯಾಸವಾಗಿದೆ. ಮಂಗಳೂರನ್ನು ನಾನು ನೋಡಿರುವುದು ಒಂದೇ ಸಲ, ಅದೂ ಮದುವೆಗೆ ಹೋದಾಗ. ನನ್ನ ತವರು ಕನಕಪುರದ ಕಡೆ. ಸೇರಿದ ಮನೆ ಪೀಣ್ಯ ದಾಟಿ ಹೆಸರಘಟ್ಟ ರಸ್ತೆಯಲ್ಲಿ ಸಿಗುವ ಒಂದು ಹಳ್ಳಿ. ಹಳ್ಳಿ ಅಂತ ಈಗಲೂ ಬಾಯಿಗೆ ಬರುತ್ತದೆ, ಕಣ್ಣಿಗೆ ಕಾಣುವುದು ಬೇರೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಕ್ರೈಸ್ತರಿರುವುದು ನಿನ್ನೆ ಮೊನ್ನೆಯ ಮಾತಲ್ಲ. ೧೭ನೇ ಶತಮಾನದಲ್ಲೇ ಇಟಲಿಯ ಜೆಸ್ವಿತ್ ಗುರು ಲಿಯೊನಾರ್ದೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕೆಲಸ ಮಾಡಿದ್ದರು. ಆಮೇಲೆ ೧೮೭೬ರಿಂದ ೭೮ರವರೆಗೆ ಆ ಘೋರ ಬರ ಬಂತು. ಹಿರಿಯರು ಅದನ್ನು ಧಾತು-ಈಶ್ವರ ಬರ ಅನ್ನುತ್ತಿದ್ದರು, ಆ ಎರಡು ಸಂವತ್ಸರಗಳ ಹೆಸರಲ್ಲಿ. ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ ಅದರಲ್ಲಿ ಹೋದರು ಅಂತ ಲೆಕ್ಕ. ಅಪ್ಪ ಅಮ್ಮನ ಕಳಕೊಂಡ ಮಕ್ಕಳನ್ನು ಫ್ರೆಂಚ್ ಗುರುಗಳು ಸಾಕಿ, ಅವರಿಗಾಗಿ ಬೇಸಾಯದ ಹಳ್ಳಿಗಳನ್ನು ಕಟ್ಟಿದರು. ನಮ್ಮ ನೆಂಟರಿರುವ ಸಿಲುವೆಪುರ ಅಂಥ ಊರು. ಸಿಲುವೆ ಅಂದರೆ ಶಿಲುಬೆ. ಊರಿನ ಹೆಸರೇ ಹಾಗೆ.

ಹಾಗಾಗಿ ನಮ್ಮ ಭಕ್ತಿಗೆ ಮೊದಲಿಂದಲೂ ಹೊಲದ ಮಣ್ಣು ಅಂಟಿಕೊಂಡಿದೆ. ನಮ್ಮತ್ತೆ ಮುದ್ದೆಗೆ ಎಸರಿಟ್ಟರೆ, ಹಿಟ್ಟು ಸುರಿಯುವ ಮುಂಚೆ ಅದರ ಮೇಲೆ ಗಾಳಿಯಲ್ಲಿ ಒಂದು ಶಿಲುಬೆ ಗುರುತು ಹಾಕೋರು. ಪಾಸ್ಕ ಹಬ್ಬದ ರಾತ್ರಿ ಚರ್ಚಿನಲ್ಲಿ ಮಂತ್ರಿಸಿಕೊಟ್ಟ ತೀರ್ಥವನ್ನು ಬಾಟಲಿಯಲ್ಲಿ ತಂದು ಇಟ್ಟುಕೊಂಡು, ಮುಂಗಾರಿಗೆ ಬಿತ್ತನೆ ರಾಗಿಯ ಮೇಲೆ ಚಿಮುಕಿಸೋರು. ಕರು ಹಾಕಿದ ಹಸುವಿಗೂ ಅದೇ ತೀರ್ಥ, ಜ್ವರ ಬಂದ ಮಗುವಿಗೂ ಅದೇ. ಗರಿಗಳ ಭಾನುವಾರ ತಂದ ತೆಂಗಿನ ಗರಿಯನ್ನು ಶಿಲುಬೆಯಾಗಿ ಹೆಣೆದು ಬಾಗಿಲ ಮೇಲೆ ಸಿಕ್ಕಿಸಿ, ಅದು ಒಣಗಿದ ಮೇಲೆ ಮುಂದಿನ ವರ್ಷದ ಬೂದಿ ಬುಧವಾರಕ್ಕೆ ಚರ್ಚಿಗೆ ಕೊಡೋದು. ಕ್ರಿಸ್ಮಸ್ಸಿಗೆ ಕೇಕು ಬಂದದ್ದು ನಮ್ಮ ಮಕ್ಕಳ ಕಾಲದಲ್ಲಿ. ಅದಕ್ಕೆ ಮುಂಚೆ ಕಜ್ಜಾಯ, ಕರ್ಜಿಕಾಯಿ, ಚಕ್ಕುಲಿ. ಪಾಕ ಹದಕ್ಕೆ ಬರಲಿಲ್ಲ ಅಂದರೆ ಅತ್ತೆ ಮಾತೆ ಮರಿಯಮ್ಮನ ಹೆಸರು ಹೇಳಿ ಇನ್ನೊಂದು ಕುದಿ ಬರಿಸೋರು.

ಎಲ್ಲಕ್ಕಿಂತ ಮುಖ್ಯವಾದದ್ದು ಸಂಜೆಯ ಜಪಸರ. ಹಾಲು ಕರೆದು ಡೇರಿಗೆ ಹಾಕಿ ಬಂದು, ಕೈಕಾಲು ತೊಳೆದು, ಜಗಲಿ ಮೇಲೆ ಕಂಬಳಿ ಹಾಸಿ ಎಲ್ಲರೂ ಕೂರುವುದು. ಹತ್ತು ಹತ್ತು ಮಣಿಯ ಐದು ಸುತ್ತು. ಕೊನೆಯಲ್ಲಿ ಅತ್ತೆಯ ಸ್ವಂತದ ಒಂದು ಪಟ್ಟಿ. ಮಳೆಗೆ, ಬೆಳೆಗೆ, ದನಕ್ಕೆ, ಬಸುರಿಯರಿಗೆ, ಪಕ್ಕದ ಮನೆ ಗೌಡರ ಕಾಲುನೋವಿಗೆ, ಸತ್ತವರಿಗೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಈ ಪಟ್ಟಿ ಮುಗಿಯುವ ಹೊತ್ತಿಗೆ ನನ್ನ ಮಂಡಿ ಹಿಡಿದುಕೊಂಡಿರುತ್ತಿತ್ತು. ಅಂದ ಹಾಗೆ, ೨೦೦೨ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಜಪಸರಕ್ಕೆ ಹೊಸದಾಗಿ ಬೆಳಕಿನ ರಹಸ್ಯಗಳನ್ನು ಸೇರಿಸಿದರಲ್ಲ, ಗುರುವಾರದ ದಿನ ಹೇಳುವಂಥವು, ಅವನ್ನು ಅತ್ತೆ ಕೊನೆಯವರೆಗೂ ಒಪ್ಪಲಿಲ್ಲ. "ನಮ್ಮವ್ವ ಕಲಿಸಿದ್ದೇ ಮುಗಿದಿಲ್ಲ, ಹೊಸದು ಯಾಕವ್ವಾ?" ಅನ್ನೋರು. ಸಣ್ಣವರಿದ್ದಾಗ ಲತೀನ್ ಪೂಜೆ ಕೇಳಿ ಬೆಳೆದು, ಎರಡನೇ ವ್ಯಾಟಿಕನ್ ಸಭೆ ಆದ ಮೇಲೆ ಪೂಜೆ ಕನ್ನಡಕ್ಕೆ ಬಂದಾಗ ಕುಣಿದಾಡಿದ ಹೆಂಗಸು, ಇದೊಂದು ವಿಷಯದಲ್ಲಿ ಮಾತ್ರ ಹಟ.

ಇನ್ನು ಊರು ಬದಲಾದ ಕತೆ. ಇದು ನಿಮಗೆಲ್ಲ ಗೊತ್ತಿರುವುದೇ. ಪೀಣ್ಯ ಕೈಗಾರಿಕಾ ಪ್ರದೇಶ ಶುರುವಾದದ್ದು ೧೯೭೦ರ ದಶಕದಲ್ಲಿ. ಆಗ ಅದು ನಮಗೆ ದೂರ. ನಮ್ಮ ಮಾವ ಸೈಕಲ್ಲಿನಲ್ಲಿ ಅಲ್ಲಿಗೆ ತರಕಾರಿ ಮಾರೋಕೆ ಹೋಗುತ್ತಿದ್ದರಂತೆ. ಆಮೇಲೆ ಪೀಣ್ಯವೇ ನಮ್ಮ ಹತ್ತಿರ ಬಂತು. ಶೆಡ್ಡು, ಗೋಡೌನು, ಲೇಔಟು, ಕಾಲೇಜು. ನಾಗಸಂದ್ರಕ್ಕೆ ಮೆಟ್ರೋ ಬಂದದ್ದು ೨೦೧೫ರಲ್ಲಿ, ಮಾದಾವರದವರೆಗೆ ಹೋದದ್ದು ೨೦೨೪ರಲ್ಲಿ. ಮೆಟ್ರೋ ಹತ್ತಿರ ಬಂದಷ್ಟೂ ಜಮೀನು ದೂರ ಹೋಯಿತು. ತಮಾಷೆ ನೋಡಿ, ೧೮೯೪ರಲ್ಲಿ ಕಟ್ಟಿದ ಹೆಸರಘಟ್ಟ ಕೆರೆಯಿಂದಲೇ ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಹೋದದ್ದು. ಈಗ ಬೇಸಿಗೆಯಲ್ಲಿ ನಮ್ಮ ಬೀದಿಗೆ ಟ್ಯಾಂಕರ್ ಬರಬೇಕು.

ನಮ್ಮದೂ ಹಂಗೇ ಆಯ್ತು. ಹೊಲ ಭಾಗವಾಯಿತು, ಒಂದೊಂದು ಭಾಗ ಒಬ್ಬೊಬ್ಬರ ಮಗಳ ಮದುವೆಗೆ, ಆಪರೇಷನ್ನಿಗೆ ಹೋಯಿತು. ಕೊಟ್ಟಿಗೆ ಇದ್ದ ಜಾಗದಲ್ಲಿ ನಮ್ಮ ಯಜಮಾನರು ಶೀಟಿನ ಆರು ರೂಮು ಕಟ್ಟಿಸಿ ಬಾಡಿಗೆಗೆ ಬಿಟ್ಟರು. ಕೊನೆಯ ಹಸು ಮಾರಿದ ದಿನ ಅತ್ತೆ ಸಂಜೆ ಪಟ್ಟಿಯಲ್ಲಿ ದನದ ಹೆಸರು ಬಂದಾಗ ಸ್ವಲ್ಪ ನಿಂತರು. ಆಮೇಲೆ "ಎಲ್ಲಿ ಕಟ್ಟವ್ರೋ ಅಲ್ಲಿ ಚೆನ್ನಾಗಿರ್ಲಿ" ಅಂತ ಸೇರಿಸಿ ಮುಂದಕ್ಕೆ ಹೋದರು.

ರೂಮುಗಳಿಗೆ ಬಂದವರು ಜಾರ್ಖಂಡ್, ಒಡಿಶಾ ಕಡೆಯ ಹುಡುಗರು ಹುಡುಗಿಯರು. ಗಾರ್ಮೆಂಟ್ಸು, ಪ್ರೆಸ್ ಶಾಪು, ಪೌಡರ್ ಕೋಟಿಂಗು, ಹೀಗೆ ಸಿಕ್ಕ ಕೆಲಸ. ಒಂದು ಭಾನುವಾರ ನೋಡಿದರೆ ಅವರಲ್ಲಿ ನಾಲ್ಕು ಜನ ನಮ್ಮ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ! ಸಿಮ್ಡೇಗಾ, ಗುಮ್ಲಾ ಕಡೆಯ ಆದಿವಾಸಿಗಳು, ಉರಾಂವ್ ಜನ. ಅವರ ಅಜ್ಜಂದಿರ ಕತೆಯೂ ಮಣ್ಣಿನದೇ ಅಂತ ಆಮೇಲೆ ಓದಿ ತಿಳಕೊಂಡೆ. ೧೮೮೫ರಲ್ಲಿ ಛೋಟಾನಾಗ್ಪುರಕ್ಕೆ ಬಂದ ಬೆಲ್ಜಿಯಂನ ಗುರು ಕಾನ್‌ಸ್ಟಂಟ್ ಲೀವೆನ್ಸ್, ಜಮೀನ್ದಾರರ ವಿರುದ್ಧ ಆದಿವಾಸಿಗಳ ಭೂಮಿ, ಗೇಣಿ ಕೇಸುಗಳಲ್ಲಿ ನೆರವಿಗೆ ನಿಂತರಂತೆ. ಹಳ್ಳಿ ಹಳ್ಳಿಯೇ ಕ್ರೈಸ್ತವಾದದ್ದು ಹಾಗೆ. ನಮ್ಮವರದು ಬರ, ಅವರದು ಗೇಣಿ. ಈಗ ಇಬ್ಬರಿಗೂ ಹೊಲವಿಲ್ಲ, ಒಂದೇ ಬೋರಿನ ನೀರು.

ಆದರೂ ಮೂರ್ನಾಲ್ಕು ವರ್ಷ ಅವರು ರೂಮಿನಲ್ಲಿ, ನಾವು ಜಗಲಿಯಲ್ಲಿ. ಜಪದ ಹೊತ್ತಿಗೆ ನಲ್ಲಿ ಹತ್ತಿರ ಪಾತ್ರೆ ತೊಳೆಯುವ ಹುಡುಗಿಯರು ಸದ್ದು ಕಮ್ಮಿ ಮಾಡುತ್ತಿದ್ದರು, ಅಷ್ಟೇ.

ಅದನ್ನು ಬದಲಾಯಿಸಿದ್ದು ೨೦೨೦ರ ಲಾಕ್‌ಡೌನ್. ಮಾರ್ಚಿನಲ್ಲಿ ಚರ್ಚಿನ ಬಾಗಿಲು ಹಾಕಿತು. ಏಪ್ರಿಲ್ ೫ ಗರಿಗಳ ಭಾನುವಾರ, ೧೨ ಪಾಸ್ಕ. ಅತ್ತೆಯ ಜೀವಮಾನದಲ್ಲಿ ಪೂಜೆಯಿಲ್ಲದ ಮೊದಲ ಪಾಸ್ಕ ಅದು. ಮೊಬೈಲಿನಲ್ಲಿ ಪೂಜೆ ಹಾಕಿಕೊಟ್ಟರೆ ಎರಡು ನಿಮಿಷ ನೋಡಿ, "ಸ್ವಾಮ್ಯೋರು ಇಷ್ಟು ಚಿಕ್ಕೋರಾಗ್ಬಿಟ್ರಲ್ಲ" ಅಂದು ಎದ್ದು ಹೋದರು. ಹಿತ್ತಲ ತೆಂಗಿನ ಮರದ ಒಂದು ಗರಿ ಕೆಡವಿಸಿ, ಸೀಳಿ, ರೂಮು ರೂಮಿಗೂ ಹೋಗಿ ಕೊಟ್ಟರು. ಕೆಲಸ ನಿಂತು, ಸಂಬಳ ನಿಂತು ಆ ಮಕ್ಕಳು ಗೋಡೆಗೆ ಒರಗಿ ಕೂತಿದ್ದರು. "ಸಾಯಂಕಾಲ ಬನ್ನಿ, ಪ್ರಾರ್ಥನೆ" ಅಂತ ಕೈಮುಗಿದು ತೋರಿಸಿದರು. ಬಂದರು. ದೂರ ದೂರ ಕೂರಬೇಕಲ್ಲ, ಅಂಗಳದ ತುಂಬ ಒಬ್ಬೊಬ್ಬರು ಒಂದೊಂದು ಕಡೆ.

ಭಾಷೆಯ ತೊಡಕು ಮೊದಲ ದಿನವೇ ಬಂತು. ಅತ್ತೆ ಕನ್ನಡದಲ್ಲಿ ಅರ್ಧ ಹೇಳಿದರೆ ಉತ್ತರ ಕೊಡಬೇಕಾದವರು ಸುಮ್ಮನೆ ಕೂತಿದ್ದಾರೆ. ನನಗೆ ಒಳಗೊಳಗೇ ಕಸಿವಿಸಿ. ಕನ್ನಡಕ್ಕಾಗಿ ಬೆಂಗಳೂರಿನ ಚರ್ಚುಗಳಲ್ಲಿ ನಮ್ಮವರು ಎಷ್ಟು ಜಗಳ ಮಾಡಿದ್ದಾರೆ ಅಂತ ಬಲ್ಲವರು ಬಲ್ಲರು. ಊರಿನ ಚರ್ಚಿನಲ್ಲಿ ಊರಿನ ಭಾಷೆ ಇರಬೇಕು ಅನ್ನುವುದರಲ್ಲಿ ನನಗೆ ಇವತ್ತಿಗೂ ಎರಡು ಮಾತಿಲ್ಲ. ಈಗ ನಮ್ಮ ಮನೆ ಜಗಲಿಯಲ್ಲೇ ಹಿಂದಿಯಾ ಅನ್ನಿಸಿತು. ಅತ್ತೆಗೆ ಅಂಥದ್ದೇನೂ ಇಲ್ಲ. ಎರಡನೇ ದಿನ ಅವರೇ ಹಂಚಿಬಿಟ್ಟರು. ಮೂರು ಸುತ್ತು ಕನ್ನಡ, ಎರಡು ಸುತ್ತು ಅವರದು. "ಮಣಿ ಲೆಕ್ಕ ಒಂದೇ ತಾನೇ? ಹತ್ತು ಅಂದ್ರೆ ಹತ್ತೇ" ಅಂದರು. ತಿಂಗಳು ಕಳೆಯುವಷ್ಟರಲ್ಲಿ ಆ ಹುಡುಗಿಯರು ನಮೋ ಮರಿಯವನ್ನು ತಡೆಯಿಲ್ಲದೆ ಕನ್ನಡದಲ್ಲಿ ಹೇಳುತ್ತಿದ್ದರು. ಅತ್ತೆಗೆ ಮಾತ್ರ ಹಿಂದಿಯಲ್ಲಿ 'ಪ್ರಣಾಮ ಮರಿಯಾ' ಆಚೆಗೆ ಒಂದು ಪದವೂ ಹತ್ತಲಿಲ್ಲ :-)

ಮೇ ತಿಂಗಳಲ್ಲಿ ಚಿಕ್ಕಬಾಣಾವರ ಸ್ಟೇಷನ್ನಿನಿಂದ ಶ್ರಮಿಕ ರೈಲು ಹೊರಟವು. ನಮ್ಮ ರೂಮಿನವರಲ್ಲಿ ಐದು ಜನ ಹೋದರು. ಅತ್ತೆ ಮತ್ತೆ ನಾನು ರಾತ್ರಿಯೆಲ್ಲ ಕೂತು ಚಪಾತಿ, ಪುಳಿಯೋಗರೆ ಕಟ್ಟಿಕೊಟ್ಟೆವು. ಆವತ್ತಿಂದ ಪಟ್ಟಿಗೆ 'ರೈಲಲ್ಲಿ ಹೋಗೋರು' ಸೇರಿಕೊಂಡಿತು. ಕ್ರಮೇಣ 'ನೈಟ್ ಶಿಫ್ಟಿನೋರು' ಬಂತು, 'ಮಿಷನ್ ಮುಂದೆ ನಿಂತಿರೋರು' ಬಂತು. ಮಳೆ, ಬೆಳೆ ಮಾತ್ರ ಮೊದಲಿದ್ದಲ್ಲೇ ಇದ್ದವು. "ಹೊಲ ಇಲ್ವಲ್ಲತ್ತೆ" ಅಂದರೆ, "ಉಣ್ಣೋದು ಬಿಟ್ಟಿದೀವಾ?" ಅನ್ನೋರು.

೨೦೨೨ರಲ್ಲಿ ಒಂದು ಕೆಟ್ಟ ಘಟನೆ ಆಯಿತು. ನಮ್ಮ ರೂಮಿನ ಒಬ್ಬ ಹುಡುಗ, ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು, ಪವರ್ ಪ್ರೆಸ್ಸಿಗೆ ಬಲಗೈಯ ಎರಡು ಬೆರಳು ಕೊಟ್ಟ. ಅದು ಯಾವ ಶಾಪು ಅಂತ ಹೇಳುವುದು ಬೇಡ. ಉತ್ಪಾದನೆ ಹೆಚ್ಚಿಸೋಕೆ ಅಂತ ಮಿಷನ್ನಿನ ಗಾರ್ಡ್ ಬಿಚ್ಚಿ ಇಟ್ಟಿದ್ದರಂತೆ. ಆಸ್ಪತ್ರೆಯಿಂದ ಬಂದವನು ಜಗಲಿಗೆ ಬರುವುದನ್ನೇ ಬಿಟ್ಟ. ಬಾಗಿಲು ಹಾಕಿಕೊಂಡು ಮಲಗಿರೋನು. ಅತ್ತೆ ಅವನನ್ನು ಪ್ರಾರ್ಥನೆಗೆ ಕರೆಯಲಿಲ್ಲ. ಕರೆಯಬೇಡ ಅಂತ ನನಗೂ ಹೇಳಿದರು. ದಿನಾ ಹೊತ್ತಿಗೆ ಸರಿಯಾಗಿ ಮುದ್ದೆ, ಉಪ್ಸಾರು, ಒಂದು ಮೊಟ್ಟೆ ಕಳಿಸುತ್ತಿದ್ದರು. ಬಲಗೈಯಲ್ಲಿ ಮುರಿಯಲಾರ ಅಂತ ಮುದ್ದೆಯನ್ನು ಚಿಕ್ಕ ಚಿಕ್ಕ ಉಂಡೆ ಮಾಡಿ ಇಡೋರು.

ಒಂದು ದಿನ ನೆಂಟರೊಬ್ಬರು ಅವನನ್ನು ನೋಡೋಕೆ ಬಂದು, "ಎಲ್ಲಾ ದೇವರ ಚಿತ್ತ, ಸಹಿಸಿಕೊಳ್ಳಬೇಕು" ಅಂದರು. ಅತ್ತೆಗೆ ಎಲ್ಲಿತ್ತೋ ಸಿಟ್ಟು. "ದೇವ್ರು ಯಾಕೆ ಕೀಳ್ತಾನೆ ಬೆರಳ? ಆ ಮಿಷನ್ನಿಂದು ಬಿಚ್ಚಿ ಮಡಗಿದನಲ್ಲ, ಅವನ ಚಿತ್ತ ಇದು. ಅವನ್ನ ಹೋಗಿ ಕೇಳಿ" ಅಂದುಬಿಟ್ಟರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಗನನ್ನು ಕರೆದು, "ನೀನು ಈ ಹುಡುಗನ ಜೊತೆ ಹೋಗು" ಅಂದರು. ಶಾಪಿನವರು ಮನೆಯಲ್ಲಿ ಆದ ಗಾಯ ಅಂತ ಬರೆಸಲು ನೋಡುತ್ತಿದ್ದರು. ಹುಡುಗನ ಹೆಸರಲ್ಲಿ ಇಎಸ್‌ಐ ಇದ್ದದ್ದೇ ಪುಣ್ಯ. ಕೆಲಸದ ವೇಳೆಯಲ್ಲಿ ಆದ ಅಪಘಾತ ಅಂತ ವರದಿಯಾದರೆ ಮಾತ್ರ ಅಂಗವಿಕಲತೆಯ ತಿಂಗಳ ಹಣ ಸಿಗುವುದು. ಎಷ್ಟು ಅನ್ನುವುದನ್ನು ಮೆಡಿಕಲ್ ಬೋರ್ಡ್ ನೋಡಿದ ಮೇಲೆ ತೀರ್ಮಾನ. ನಮ್ಮ ಯಜಮಾನರು ಏಳೆಂಟು ಸಲ ಓಡಾಡಿದರು, ಅರ್ಜಿ ಕನ್ನಡದಲ್ಲಿ ನಾನು ಬರೆದುಕೊಟ್ಟೆ. ತಿಂಗಳುಗಟ್ಟಲೆ ಆಯಿತು, ಕೊನೆಗೆ ಆಯಿತು.

ಅಕ್ಟೋಬರ್ ನಮಗೆ ಜಪಸರದ ತಿಂಗಳು. ಆ ತಿಂಗಳ ಒಂದು ಸಂಜೆ ಎರಡನೇ ಸುತ್ತಿನಲ್ಲಿದ್ದಾಗ ಅವನು ಬಂದು ಅಂಗಳದ ಕೊನೆಯಲ್ಲಿ ಕೂತ. ಎಡಗೈಯಲ್ಲಿ ಮಣಿ ಹಿಡಿದಿದ್ದ. ಯಾರೂ ತಿರುಗಿ ನೋಡಲಿಲ್ಲ. ಅತ್ತೆ ತಮ್ಮ ಪಾಡಿಗೆ ತಾವು ಹೇಳಿಕೊಂಡು ಹೋದರು. ಮೂರನೇ ಸುತ್ತು ಮುಗಿದಾಗ ಮಾತ್ರ, "ಇನ್ನೆರಡು ನೀನು ಹೇಳಪ್ಪಾ" ಅಂದರು. ಅವನು ಹೇಳಿದ, ಅವನ ಭಾಷೆಯಲ್ಲಿ.

ಅತ್ತೆ ೨೦೨೩ರಲ್ಲಿ ತೀರಿಕೊಂಡರು. ನವೆಂಬರ್ ೨ರ ಸತ್ತವರ ದಿನಕ್ಕೆ ಸಮಾಧಿಗೆ ಸುಣ್ಣ ಬಳಿದದ್ದು ರೂಮಿನ ಹುಡುಗರೇ. ನಾನೀಗ ಜಪ ನಡೆಸುತ್ತೇನೆ. ಅತ್ತೆಯ ಪಟ್ಟಿ ಪೂರ್ತಿ ನೆನಪಿಲ್ಲ, ನನ್ನದೇ ಒಂದು ಮಾಡಿಕೊಂಡಿದ್ದೇನೆ.

ಇಷ್ಟೆಲ್ಲ ಬರೆಯೋಕೆ ಕಾರಣ ಏನು ಅಂತ ಹೇಳಿಬಿಡುತ್ತೇನೆ. ಶೀಟಿನ ರೂಮು ಕೆಡವಿ, ಹಳೇ ಮನೆಯನ್ನೂ ಸೇರಿಸಿ ಮೂರು ಅಂತಸ್ತು ಕಟ್ಟಬೇಕು ಅಂತ ಮನೆಯಲ್ಲಿ ಮಾತಾಗಿದೆ. ಬ್ಯಾಂಕಿನ ಸಾಲ, ಮಗನ ಭವಿಷ್ಯ, ಎಲ್ಲಾ ಸರಿಯೇ. ಪ್ಲಾನು ಬಂತು. ನೋಡಿದೆ. ಅಡುಗೆಮನೆ, ಬಾತ್‌ರೂಮು, ಪಾರ್ಕಿಂಗು ಎಲ್ಲ ಇದೆ. ಜಗಲಿ ಇಲ್ಲ. ದೇವರ ಪಟಕ್ಕೆ ಅಂತ ಹಾಲಿನ ಗೋಡೆಯಲ್ಲಿ ಎರಡಡಿಯ ಗೂಡು ತೋರಿಸಿದ್ದಾರೆ. ಅಲ್ಲಿ ಪಟ ಇಡಬಹುದು, ಹದಿನೈದು ಜನ ಎಲ್ಲಿ ಕೂರೋದು?

ಕೆಳಗಡೆ ಬೀದಿ ಕಡೆಗೆ ಹತ್ತಡಿ ಹನ್ನೆರಡಡಿ ಜಾಗ ಬಾಗಿಲಿಲ್ಲದೆ ತೆರೆದು ಬಿಡಿ ಅಂದೆ. ಮಗ ಲೆಕ್ಕ ಹಾಕಿ ತೋರಿಸಿದ. ಅಷ್ಟು ಜಾಗದಲ್ಲಿ ಒಂದು ರೂಮಾಗುತ್ತದೆ, ತಿಂಗಳಿಗೆ ಆರು ಸಾವಿರ ಬಾಡಿಗೆ, ವರ್ಷಕ್ಕೆ ಎಪ್ಪತ್ತೆರಡು ಸಾವಿರ. "ಚರ್ಚು ಇದೆಯಲ್ಲಮ್ಮಾ, ಅಲ್ಲಿ ಹೋಗಿ ಮಾಡ್ಕೊಳ್ಳಿ" ಅಂದ. ಅವನು ಹೇಳೋದರಲ್ಲಿ ಲೆಕ್ಕ ತಪ್ಪಿಲ್ಲ. ಸಾಲ ಕಟ್ಟುವವನೂ ಅವನೇ. ಆದರೆ ಚರ್ಚಿಗೆ ಹೋಗೋದು ಭಾನುವಾರ, ಮಿಷನ್ ಮುಂದೆ ನಿಲ್ಲೋದು ದಿನಾಲೂ. ಎಂಟು ಗಂಟೆಗೆ ಶಿಫ್ಟ್ ಮುಗಿಸಿ ಬರುವ ಹುಡುಗಿ ಚಪ್ಪಲಿ ಬಿಟ್ಟು ಹತ್ತು ನಿಮಿಷ ಕೂರೋಕೆ ಒಂದು ಮೆಟ್ಟಿಲಾದರೂ ಬೇಡವೇ? ಊಟ ಕೊಡೋದು, ಅರ್ಜಿ ಬರೆಯೋದು, ಯಾರು ಎರಡು ದಿನದಿಂದ ಕಾಣಲಿಲ್ಲ ಅಂತ ಗೊತ್ತಾಗೋದು, ನಮ್ಮ ಮನೆಯಲ್ಲಿ ಇವೆಲ್ಲ ಶುರುವಾದದ್ದು ಆ ಜಗಲಿಯಿಂದಲೇ.

ಯಜಮಾನರು ಇನ್ನೂ ಏನೂ ಹೇಳಿಲ್ಲ. ಪ್ಲಾನು ಟೇಬಲ್ ಮೇಲೆ ಸಹಿಗೆ ಕಾಯುತ್ತಿದೆ. ನಾನು ಪೆನ್ಸಿಲ್ಲಿನಲ್ಲಿ ಆ ಹತ್ತಡಿ ಹನ್ನೆರಡಡಿಯ ಸುತ್ತ ಗೆರೆ ಎಳೆದು, ಒಳಗೆ 'ಜಗಲಿ' ಅಂತ ಬರೆದಿಟ್ಟಿದ್ದೇನೆ. ಮಗ ಅದನ್ನು ನೋಡಿದ್ದಾನೆ, ಅಳಿಸಿಲ್ಲ. ಹಬ್ಬ ಕಳೆದ ಮೇಲೆ ಮೇಸ್ತ್ರಿ ಬರುತ್ತಾರೆ.

ನಿಮ್ಮ ಮನೆ ಕಟ್ಟುವಾಗ ಹೀಗೆ ಯಾವ ಜಾಗಕ್ಕಾಗಿ ಜಗಳ ಆಡಿದ್ದಿರಿ?